ಬಿಪಿಟಿ ಮುಗಿಯಿತು, ಇನ್ನು ಎಂತ ಮಾಡುವುದು?

ಪ್ರತಿ ವರ್ಷ ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿಯ ರಿಸಲ್ಟ್ ಬಂದ ಕೂಡಲೇ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಬೇರೆ ಬೇರೆ ನಂಬರಿನಿಂದ ಬರುತ್ತದೆ. "ಅಕ್ಕಾ, ಎಂಪಿಟಿಗೆ ಯಾವ ಬ್ರಾಂಚ್ ತೆಗೆದುಕೊಳ್ಳಲಿ? ಯಾವುದಕ್ಕೆ ಸ್ಕೋಪ್ ಜಾಸ್ತಿ?" ಎಂಪಿಟಿ ಅಂದರೆ ಅದರ ಪಿಜಿ. ನಾನು ವಾಪಸ್ ಕೇಳುವ ಪ್ರಶ್ನೆಯೂ ಒಂದೇ. ಇಂಟರ್ನ್‌ಶಿಪ್‌ನಲ್ಲಿ ನೋಡಿದ ಪೇಷೆಂಟ್‌ಗಳ ಬಗ್ಗೆ ನೀನೇ ಕೂತು ಬರೆದದ್ದು ಏನಾದರೂ ಉಂಟಾ? ಲಾಗ್‌ಬುಕ್ ಉಂಟಕ್ಕಾ ಅನ್ನುತ್ತಾರೆ. ಲಾಗ್‌ಬುಕ್ ಎಲ್ಲರ ಹತ್ತಿರವೂ ಇರುತ್ತದೆ ಮಾರಾಯ್ರೆ, ಅರ್ಧ ಕ್ಲಾಸ್ ಒಬ್ಬಳ ಪುಸ್ತಕ ನೋಡಿಯೇ ಬರೆದಿರುತ್ತದೆ, ಅದು ನನಗೂ ಗೊತ್ತು ಸಹಿ ಹಾಕುವವರಿಗೂ ಗೊತ್ತು.

ನಮ್ಮ ಊರಲ್ಲಿ ಕಾಲೇಜಿಗೆ ಬರ ಇಲ್ಲ. ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದ ಕಂಕನಾಡಿಯಲ್ಲಿ ಇವತ್ತು ಮೆಡಿಕಲ್ ಕಾಲೇಜು ಉಂಟು. ಮಣಿಪಾಲದ ಕೆಎಂಸಿ 1953ರದ್ದು, ಮಂಗಳೂರಿನದ್ದು 1955ರದ್ದು. ದೇರಳಕಟ್ಟೆಯ ಕಡೆ ಹೋಗುವ ಬೆಳಗಿನ ಬಸ್ ಹತ್ತಿದರೆ ಕಾಲಿಡಲು ಜಾಗ ಇರುವುದಿಲ್ಲ, ಕೈ ಮೇಲೆ ಏಪ್ರನ್ ಹಾಕಿಕೊಂಡು ನಿಂತ ಮಕ್ಕಳೇ ಎಲ್ಲ. ಮಲಯಾಳ, ಇಂಗ್ಲಿಷ್, ಕನ್ನಡ, ತುಳು, ಬ್ಯಾರಿ ಎಲ್ಲಾ ಒಂದೇ ಬಸ್ಸಿನಲ್ಲಿ. ಇಷ್ಟು ಜನ ವರ್ಷ ವರ್ಷ ಒಂದೇ ಡಿಗ್ರಿ ಹಿಡಿದು ಹೊರಗೆ ಬರುವಾಗ ಮಾರ್ಕ್ಸ್ ಕಾರ್ಡ್ ಒಂದನ್ನೇ ನೋಡಿ ನಿಮ್ಮನ್ನು ಪಕ್ಕದವರಿಂದ ಬೇರೆ ಮಾಡಿ ನೋಡುವುದು ಹೇಗೆ? ಅದಕ್ಕೇ ನಾನು ಹೇಳುವುದು, ಪಿಜಿ ತಯಾರಿ ನಡೆಯುವುದು ಪೋಸ್ಟಿಂಗ್‌ನಲ್ಲಿ, ಅಂದರೆ ಇಂಟರ್ನ್‌ಶಿಪ್‌ನಲ್ಲಿ ಒಂದೊಂದು ವಿಭಾಗಕ್ಕೆ ಹಾಕಿದಾಗ. ಕೋಚಿಂಗ್, ಎಂಟ್ರೆನ್ಸ್ ಎಲ್ಲ ಆಮೇಲಿನ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಓಪಿಡಿಗೆ ಬೀಡಿ ಕಟ್ಟುವ ಹೆಂಗಸರು ತುಂಬಾ ಜನ ಬರುತ್ತಾರೆ. ಕುತ್ತಿಗೆ ನೋವು, ಭುಜದ ಹಿಂದೆ ಸೆಳೆತ, ಸೊಂಟ ಹಿಡಿದುಕೊಂಡದ್ದು. ಬಂದ ಕೂಡಲೇ "ಕರೆಂಟ್ ಕೊರ್ಲೆ ಡಾಕ್ಟ್ರೆ" ಅನ್ನುತ್ತಾರೆ, ಕರೆಂಟ್ ಕೊಡಿ ಅಂತ. ನೋವಿಗೆ ಮೆಲ್ಲಗೆ ವಿದ್ಯುತ್ ಹಾಯಿಸುವ ಐಎಫ್‌ಟಿಗೆ ಇಲ್ಲಿ ಎಲ್ಲರೂ ಹೇಳುವುದು ಕರೆಂಟ್ ಅಂತಲೇ. ಇಂಟರ್ನ್ ಕರೆಂಟ್ ಕೊಡುತ್ತಾಳೆ, ಕುತ್ತಿಗೆಯ ವ್ಯಾಯಾಮದ ಚೀಟಿ ಕೊಡುತ್ತಾಳೆ, "ತುಂಬಾ ಹೊತ್ತು ಬಗ್ಗಿ ಕೂರಬೇಡಿ" ಅನ್ನುತ್ತಾಳೆ. ಲಾಗ್‌ಬುಕ್‌ನಲ್ಲಿ ಒಂದು ಸಾಲು ಆಯಿತು. ಆದರೆ ಆ ಹೆಂಗಸಿಗೆ ಬಗ್ಗದೆ ಬೀಡಿ ಕಟ್ಟಲು ಆಗುತ್ತದಾ? ತಡ್ಪೆ, ಅಂದರೆ ಮೊರ, ತೊಡೆಯ ಮೇಲೆ ಇರುತ್ತದೆ, ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುತ್ತುವುದು, ನೂಲು ಹಾಕುವುದು ಎಲ್ಲಾ ಅದರೊಳಗೆ, ಕಣ್ಣು ಕೆಳಗೇ ಇರಬೇಕು. ಲೆಕ್ಕ ಸಾವಿರಕ್ಕೆ ಇಷ್ಟು ಅಂತ, ಕೂತಷ್ಟೇ ದುಡ್ಡು. ಹಾಗಾಗಿ ಕೇಳಬೇಕಾದ್ದು ಬೇರೆ. ಎಲ್ಲಿ ಕೂರುತ್ತೀರಿ, ನೆಲದಲ್ಲಾ ಮಣೆಯಲ್ಲಾ? ಬೆನ್ನಿಗೆ ಗೋಡೆ ಉಂಟಾ? ತಡ್ಪೆಯ ಕೆಳಗೆ ಒಂದು ತಲೆದಿಂಬು ಇಟ್ಟು ಅದನ್ನು ಎದೆಯ ಕಡೆಗೆ ಸ್ವಲ್ಪ ಎತ್ತರ ಮಾಡಿದರೆ ಕೆಲಸ ಆಗುತ್ತದಾ? ಒಂದು ಕಟ್ಟು ಆದ ಕೂಡಲೇ ಎದ್ದು ನೀರು ಕುಡಿದು ಬರಲಿಕ್ಕೆ ಆಗುತ್ತದಾ?

ಇದನ್ನು ಕೇಳಿ, ಬದಲು ಮಾಡಿ, ಮುಂದಿನ ಸಲ ಬಂದಾಗ ಏನಾಯಿತು ಅಂತ ನೋಡಿ ಅರ್ಧ ಪುಟ ಬರೆದಿಟ್ಟ ಹುಡುಗಿಗೆ ಇಂಟರ್‌ವ್ಯೂನಲ್ಲಿ ಮಾತಾಡಲಿಕ್ಕೆ ವಿಷಯ ಇರುತ್ತದೆ. ಉಳಿದವರು ಪುಸ್ತಕದಲ್ಲಿ ಇದ್ದದ್ದನ್ನೇ ಹೇಳುತ್ತಾರೆ, ಅದನ್ನು ಇಂಟರ್‌ವ್ಯೂ ಮಾಡುವ ಮೇಡಂಗೆ ಬೆಳಗ್ಗಿನಿಂದ ಕೇಳಿ ಕೇಳಿ ಸಾಕಾಗಿರುತ್ತದೆ.

ನಮ್ಮಲ್ಲಿ ಇಂತಹ ಕೇಸ್‌ಗಳಿಗೆ ಕೊರತೆಯೇ ಇಲ್ಲ. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಬರುತ್ತಾರೆ, ವೀಲ್‌ಚೇರ್ ಕಲಿಸಿ ಕಳಿಸಿದರೂ ಮನೆಗೆ ಹೋಗುವ ದಾರಿ ಮೆಟ್ಟಿಲು ಮೆಟ್ಟಿಲು, ಗುಡ್ಡದ ಬುಡದಲ್ಲಿ ಮನೆ. ಮಲ್ಪೆಯ ಬೋಟಿನಲ್ಲಿ ಬಲೆ ಎಳೆಯುವವರ ಭುಜ. ಯಕ್ಷಗಾನದವರ ಮೊಣಕಾಲು ಅಂತೂ ಬೇರೆಯೇ ಪಾಠ. ಬಡಗುತಿಟ್ಟಿನವರು ಮಂಡಿ ಹಾಕಿ ತಿರುಗುವುದನ್ನು, ತೆಂಕುತಿಟ್ಟಿನವರು ಹಾರಿ ಸುತ್ತುವ ಧೀಂಗಿಣವನ್ನು ನೋಡದೆ ಆ ಮೊಣಕಾಲಿಗೆ ಎಂತ ಟ್ರೀಟ್‌ಮೆಂಟ್ ಕೊಡುವುದು? ಪತ್ತನಾಜೆಗೆ, ಅಂದರೆ ಆ ವರ್ಷದ ಆಟ ಮುಗಿಯುವ ದಿನ, ಗೆಜ್ಜೆ ಬಿಚ್ಚುವ ಮೊದಲು ರೆಸ್ಟ್ ತೆಗೆದುಕೊಳ್ಳಿ ಅಂದರೆ ಅವರು ನಿಮ್ಮ ಮುಖ ನೋಡಿ ನಗುತ್ತಾರೆ ಅಷ್ಟೇ. ಸ್ಪೋರ್ಟ್ಸ್ ಫಿಸಿಯೋ ಆಗಬೇಕು ಅನ್ನುವವರೆಲ್ಲ ಐಪಿಎಲ್ ಟೀಮ್ ನೆನೆಸಿಕೊಂಡು ಬರುತ್ತಾರೆ, ರಾತ್ರಿ ಪೂರ್ತಿ ಕುಣಿಯುವವರು ಪಕ್ಕದ ಗದ್ದೆಯಲ್ಲೇ ಇದ್ದಾರೆ ಅಲ್ವಾ!

ಬರೆಯುವಾಗ ಪೇಷೆಂಟ್ ಹೆಸರು, ಆಸ್ಪತ್ರೆಯ ಐಪಿ ನಂಬರ್, ಫೋಟೋ ಯಾವುದೂ ಬೇಡ. ವಯಸ್ಸು, ಕೆಲಸ, ಏನು ಮಾಡಲು ಆಗುತ್ತಿರಲಿಲ್ಲ, ನೀವು ಎಂತ ಮಾಡಿದಿರಿ, ಕೊನೆಗೆ ಏನಾಯಿತು. ಸರಿ ಆಗದಿದ್ದರೆ ಆಗಲಿಲ್ಲ ಅಂತಲೇ ಬರೆಯಿರಿ.

ಹೀಗೆ ಬರೆಯುತ್ತಾ ಹೋದರೆ ಬ್ರಾಂಚ್ ಯಾವುದು ಅನ್ನುವುದು ಮುಕ್ಕಾಲು ಪಾಲು ತಾನಾಗಿ ಗೊತ್ತಾಗುತ್ತದೆ. ಯಾವ ಪೋಸ್ಟಿಂಗ್‌ನ ಪುಟಗಳು ಉದ್ದ ಇವೆ ನೋಡಿ. ಐಸಿಯುನಲ್ಲಿ ಕಫ ತೆಗೆಸುವ ಕೆಲಸವನ್ನು ಆಸಕ್ತಿಯಿಂದ ಬರೆದವಳು ಕಾರ್ಡಿಯೋಗೆ ಹೋಗಲಿ. ಸ್ಟ್ರೋಕ್ ಆದ ಅಜ್ಜ ಮೊದಲ ಸಲ ಚಮಚ ಹಿಡಿದದ್ದನ್ನು ಬರೆದವನು ನ್ಯೂರೋಗೆ. ಸ್ಕೋಪ್ ಅನ್ನುವುದನ್ನು ಪಕ್ಕದ ಮನೆಯ ಅಂಕಲ್ ಹೇಳಿದ ಲೆಕ್ಕದಲ್ಲಿ ನೋಡಬೇಡಿ. ಎಂಪಿಟಿ ಎರಡು ವರ್ಷ, ಫೀಸಿಗೆ ಲೋನ್ ಮಾಡುವುದಾದರೆ ತಿಂಗಳ ಕಂತು ಎಷ್ಟು, ಇಲ್ಲಿನ ಕ್ಲಿನಿಕ್‌ನಲ್ಲಿ ಶುರುವಿಗೆ ಕೊಡುವ ಸಂಬಳ ಎಷ್ಟು ಅಂತ ಕೆಲಸ ಮಾಡುತ್ತಿರುವ ಸೀನಿಯರ್ ಹತ್ತಿರ ನೇರವಾಗಿ ಕೇಳಿ. ನಾಚಿಕೆ ಎಂತದ್ದು? ಕಂತು ಕಟ್ಟುವುದು ಅಪ್ಪ ಅಲ್ವಾ.

ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆಯುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ತಿದ್ದಿ ಕೊಡಿ ಅಂತ ನನಗೆ ಕಳಿಸುತ್ತಾರೆ. ಹತ್ತರಲ್ಲಿ ಎಂಟು "ಚಿಕ್ಕಂದಿನಿಂದಲೇ ಜನಸೇವೆಯ ಆಸೆ" ಅಂತಲೇ ಶುರು. ಉಳಿದ ಎರಡರಲ್ಲಿ ಅಜ್ಜಿಗೆ ಹುಷಾರಿಲ್ಲದ್ದು. ಅದನ್ನು ಹೊಡೆದು ಹಾಕಿ, ಆ ಬೀಡಿಯ ಹೆಂಗಸಿನ ತರದ ಒಂದು ಕೇಸ್ ಮೊದಲ ಪ್ಯಾರಾದಲ್ಲಿ ಹಾಕಿ. ಆಮೇಲೆ ಅದನ್ನು ನೋಡಿದಾಗ ನಿಮಗೆ ಯಾವುದು ಗೊತ್ತಿರಲಿಲ್ಲ, ಅದನ್ನು ಕಲಿಯಲು ಈ ಕೋರ್ಸೇ ಯಾಕೆ ಅಂತ ಬರೆಯಿರಿ. ಅಷ್ಟೇ.

ರೆಕಮೆಂಡೇಶನ್ ಲೆಟರ್ ವಿಷಯ ಇನ್ನೂ ತಮಾಷೆ. ದೊಡ್ಡ ಹುದ್ದೆಯವರ ಸಹಿ ಬೇಕು ಅಂತ ಎಲ್ಲರೂ ಎಚ್‌ಒಡಿ ರೂಮಿನ ಎದುರು ಕ್ಯೂ. ಅವರಿಗೆ ನಿಮ್ಮ ಹೆಸರೇ ನೆನಪಿರುವುದಿಲ್ಲ, "ನೀನೇ ಬರೆದು ತಾ, ಸೈನ್ ಹಾಕುತ್ತೇನೆ" ಅನ್ನುತ್ತಾರೆ. ನಿಮ್ಮನ್ನು ವಾರ್ಡಿನಲ್ಲಿ ದಿನಾ ನೋಡಿದ, ಪೇಷೆಂಟ್ ಹತ್ತಿರ ನೀವು ಹೇಗೆ ಮಾತಾಡುತ್ತೀರಿ ಅಂತ ಗೊತ್ತಿರುವ ಅಸಿಸ್ಟೆಂಟ್ ಪ್ರೊಫೆಸರ್ ಹತ್ತಿರ ಕೇಳಿ. ಒಂದು ತಿಂಗಳು ಮೊದಲೇ ಕೇಳಿ, ಜೊತೆಗೆ ನೀವು ಬರೆದಿಟ್ಟ ಕೇಸ್‌ಗಳನ್ನೂ ಕೊಡಿ. ಆಗ ಅವರಿಗೂ ನೆನಪಾಗುತ್ತದೆ.

ಹೊರದೇಶದ ಯೋಚನೆ ಇರುವವರಿಗೆ ಒಂದು ಮಾತು. ಡಿಗ್ರಿ ಬೇರೆ, ಕೆಲಸ ಮಾಡುವ ಲೈಸೆನ್ಸ್ ಬೇರೆ. ಬ್ರಿಟನ್‌ನಲ್ಲಿ ಫಿಸಿಯೋ ಅಂತ ಕೆಲಸ ಮಾಡಲು ಎಚ್‌ಸಿಪಿಸಿ ಅನ್ನುವ ಅಲ್ಲಿನ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಬೇಕು, ಅಲ್ಲಿ ಸ್ಪೋರ್ಟ್ಸ್‌ನಲ್ಲಿ ಒಂದು ಎಂಎಸ್ಸಿ ಮಾಡಿದ ಮಾತ್ರಕ್ಕೆ ಅದು ತಾನಾಗಿ ಕೈಗೆ ಬರುವುದಿಲ್ಲ. ಅಮೆರಿಕದಲ್ಲಿ ಈಗ ಫಿಸಿಯೋ ಆಗುವ ಡಿಗ್ರಿಯೇ ಡಿಪಿಟಿ, ಅಂದರೆ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ. ನಮ್ಮ ಬಿಪಿಟಿಯನ್ನು ಅವರು ವಿಷಯ ವಿಷಯ, ಗಂಟೆ ಗಂಟೆ ಲೆಕ್ಕ ಹಾಕಿ ತೂಗಿ ನೋಡುತ್ತಾರೆ, ಆಮೇಲೆ ಲೈಸೆನ್ಸಿಗೆ ಎನ್‌ಪಿಟಿಇ ಪರೀಕ್ಷೆ. ಏಜೆಂಟರು ಇದನ್ನೆಲ್ಲ ಮೆಲ್ಲಗೆ ಹೇಳುತ್ತಾರೆ, ವೀಸಾ ಮತ್ತು ಪಾರ್ಟ್ ಟೈಮ್ ಕೆಲಸದ ಬಗ್ಗೆ ಜೋರಾಗಿ ಹೇಳುತ್ತಾರೆ. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಸ್ಕೋರ್ ಎರಡೇ ವರ್ಷ ನಡೆಯುವುದು, ಹಾಗಾಗಿ ಮೂರನೇ ವರ್ಷದಲ್ಲೇ ಬರೆದು ಇಟ್ಟುಕೊಳ್ಳುವುದು ದುಡ್ಡು ದಂಡ. ಹೊರಗಿನ ಕೆಲವು ಪಿಜಿ ಕೋರ್ಸ್‌ಗೆ ಕೇಳುವ ಜಿಆರ್‌ಇ ಸ್ಕೋರ್ ಐದು ವರ್ಷ ನಡೆಯುತ್ತದೆ, ಅದೂ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಯೊಳಗೆ ಮುಗಿಯುವ ಪರೀಕ್ಷೆ ಆಗಿದೆ, ಮೊದಲಿನ ಹಾಗೆ ನಾಲ್ಕು ಗಂಟೆ ಹತ್ತಿರ ಕೂರಬೇಕಾಗಿಲ್ಲ. ಕೇಳದ ಕೋರ್ಸ್‌ಗೆ ಅದನ್ನು ಸುಮ್ನೆ ಬರೆಯಬೇಡಿ.

ಬೇರೆ ಕೋರ್ಸಿನವರೂ ಕೇಳುತ್ತಾರೆ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಫಾರ್ಮಸಿಯವರು ಜಿಪ್ಯಾಟ್ ಬರೆಯಿರಿ, ಪಾಸಾಗಿ ಎಂ.ಫಾರ್ಮ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುವ ದಾರಿ ಉಂಟು, ನನ್ನ ಚಿಕ್ಕಮ್ಮನ ಮಗ ಅದರಲ್ಲೇ ಹಾಸ್ಟೆಲ್ ಖರ್ಚು ನೋಡಿಕೊಂಡ. ಸ್ಪೀಚ್ ಆ್ಯಂಡ್ ಹಿಯರಿಂಗ್‌ನವರಿಗೆ ಮೈಸೂರಿನ ಆಯಿಷ್ ಹತ್ತಿರದಲ್ಲೇ ಉಂಟು, 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ನರ್ಸಿಂಗ್‌ನವರು ಗಲ್ಫ್‌ಗೆ ಹೋಗುವುದಾದರೆ ಡೇಟಾಫ್ಲೋ ಅಂತ ಒಂದು ಉಂಟು, ನೀವು ಕಲಿತ ಕಾಲೇಜಿಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಸರ್ಟಿಫಿಕೇಟ್ ಸರಿಯಾ ಅಂತ ಕೇಳುತ್ತಾರೆ. ಅಪಾಯಿಂಟ್‌ಮೆಂಟ್ ಲೆಟರ್ ಕೊಡದ, ಕೈಯಲ್ಲಿ ಸಂಬಳ ಕೊಡುವ ನರ್ಸಿಂಗ್ ಹೋಮಿನಲ್ಲಿ ದುಡಿದ ಅನುಭವ ಅಲ್ಲಿ ಲೆಕ್ಕಕ್ಕೆ ಬರುವುದು ಕಷ್ಟ. ಸೇರುವ ದಿನವೇ ಲೆಟರ್ ಕೇಳಿ.

ಫಿಸಿಯೋದವರಿಗೆ ಇನ್ನೊಂದು ವಿಷಯ. ನರ್ಸ್‌ಗಳಿಗೆ 1947ರಿಂದ, ಫಾರ್ಮಸಿಯವರಿಗೆ 1948ರಿಂದ ಇಡೀ ದೇಶಕ್ಕೆ ಒಂದು ಕಾಯ್ದೆ, ಒಂದು ಕೌನ್ಸಿಲ್ ಉಂಟು. ನಮಗೆ ಬಂದದ್ದು 2021ರಲ್ಲಿ, ಲ್ಯಾಬ್, ರೇಡಿಯೋಗ್ರಫಿ, ಡಯಾಲಿಸಿಸ್‌ನವರೆಲ್ಲರ ಜೊತೆ. ಅಷ್ಟು ವರ್ಷ ಮಸಾಜ್ ಮಾಡುವವನೂ ಬೋರ್ಡ್ ಹಾಕಿಕೊಂಡು ಫಿಸಿಯೋ ಆಗಿದ್ದ, ನಾವು ಸುಮ್ಮನೆ ನೋಡುತ್ತಿದ್ದೆವು. ಆ ಕಾಯ್ದೆಯಲ್ಲಿ ಕೋರ್ಸ್ ಎಷ್ಟು ವರ್ಷ ಅನ್ನುವುದರ ಜೊತೆ ಎಷ್ಟು ಗಂಟೆ ಅಂತಲೂ ಬರೆದಿದೆ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕಡಿಮೆ ಅಂದರೆ 3,600 ಗಂಟೆ. ಊರಲ್ಲಾಗಲಿ ಹೊರಗಾಗಲಿ ಇನ್ನು ಎಲ್ಲರೂ ಕೇಳುವುದು ಗಂಟೆಯ ಲೆಕ್ಕವೇ, ಅದಕ್ಕೆ ದಾಖಲೆ ನಿಮ್ಮ ಹತ್ತಿರ ಇರಬೇಕು.

ಹಾಗಾಗಿ ನಿಮ್ಮ ಬ್ಯಾಚಿನ ಸಿಲೆಬಸ್ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿ ಇಡಿ, ಹೊಸ ಸಿಲೆಬಸ್ ಬಂದ ಮೇಲೆ ಹಳೆಯದು ಕಾಲೇಜಿನಲ್ಲೂ ಸಿಗುವುದಿಲ್ಲ. ಪ್ರತಿ ಪೋಸ್ಟಿಂಗ್‌ನ ಸರ್ಟಿಫಿಕೇಟ್‌ನಲ್ಲಿ ತಾರೀಕು, ವಿಭಾಗ, ಗಂಟೆ ಮೂರೂ ಉಂಟಾ ನೋಡಿ. ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕುವಾಗ ಒಂದೆರಡು ಸೆಟ್ ಜಾಸ್ತಿಯೇ ತೆಗೆದುಕೊಳ್ಳಿ, ಮುಚ್ಚಿದ ಕವರ್‌ನಲ್ಲೇ ಬೇಕು ಅನ್ನುವವರು ಇರುತ್ತಾರೆ. ಮತ್ತೆ ಲಾಗ್‌ಬುಕ್‌ನಲ್ಲಿ ಸಹಿ ಬಾಕಿ ಇದ್ದರೆ ಈ ವಾರವೇ ಹಾಕಿಸಿಕೊಳ್ಳಿ, ಸಹಿ ಹಾಕಬೇಕಾದ ಮೇಡಂ ಕೆಲಸ ಬಿಟ್ಟು ದುಬೈಗೆ ಹೋಗುವ ಮೊದಲು.