‘ಒಂದೇ ಒಂದು ಸೆಲ್ಫಿ ಸಾರ್’: ಕಲಾವಿದರ ಜೊತೆ ಓಡಾಡುವವರಿಗೆ

ಜನ ಗುರುತು ಹಿಡಿಯುವುದೇ ಕಲಾವಿದರಿಗೆ ಕಿರಿಕಿರಿ ಅಂತ ಈ ಕೆಲಸಕ್ಕೆ ಹೊಸದಾಗಿ ಬಂದವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಹಲವರಿಗೆ ಅದು ಖುಷಿಯೇ. ನಾಲ್ಕು ದಿನ ಯಾರೂ ತಿರುಗಿ ನೋಡದಿದ್ದರೆ ಒಳಗೊಳಗೇ ಅಳುಕು ಶುರುವಾಗುತ್ತದೆ. ಸುಸ್ತು ಹೊಡೆಸುವುದು ಆ ಮಾತುಕತೆ ಎಲ್ಲಿ ಮುಗಿಯುತ್ತದೋ ಗೊತ್ತಿಲ್ಲದಿರುವುದು. ಮುಗಿಸಿಕೊಡುವುದು ಜೊತೆಯಲ್ಲಿರುವವರ ಕೆಲಸ. ಕಲಾವಿದರೇ ‘ಸಾಕು’ ಅಂದರೆ ಜಂಬ ಅನ್ನಿಸಿಕೊಳ್ಳುತ್ತದೆ, ನಾವು ಅಂದರೆ ಬೈಗುಳ ನಮಗಷ್ಟೇ.

ರಾತ್ರಿ ಹೊತ್ತು, ಅದೂ ಒಳಾಂಗಣದಲ್ಲಿ, ಕಪ್ಪು ಕನ್ನಡಕ ಬೇಡವೇ ಬೇಡ. ನೋಡದವರೂ ನೋಡುತ್ತಾರೆ. ಪರಿಚಿತ ಮುಖವನ್ನು ಜನ ಅರೆಬರೆ ಕಂಡರೂ ಹಿಡಿಯುತ್ತಾರೆ. ನಡಿಗೆ, ದನಿ ಕೂಡ ಬಿಟ್ಟುಕೊಡುತ್ತವೆ. ಡಬ್ಬಿಂಗ್ ಕಲಾವಿದರಂತೂ ಬಾಯಿ ಬಿಟ್ಟರೆ ಮುಗಿಯಿತು. ನಿರೀಕ್ಷೆಯಿಲ್ಲದ ಜಾಗದಲ್ಲಿ ಕಂಡರೆ ‘ಅವರೇನಾ?’ ಎಂಬ ಅನುಮಾನಕ್ಕೆ ಎರಡು ಮೂರು ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ಒಂದೇ ವೇಗದಲ್ಲಿ ದಾಟಿಬಿಡಬೇಕು. ಓಡಿದರೆ ಕೆಟ್ಟಿತು, ನಿಂತರೂ ಕೆಟ್ಟಿತು.

ನಿಲ್ಲಲೇಬೇಕಾದರೆ ಬೆನ್ನಿಗೆ ಗೋಡೆಯಿರಲಿ, ಹೊರಹೋಗುವ ದಾರಿ ನಮ್ಮ ಕಡೆ ಇರಲಿ. ಸೆಲ್ಫಿಗೆ ಫೋನನ್ನು ಕಲಾವಿದರೇ ಹಿಡಿಯುವುದು ಒಳ್ಳೆಯದು: ಕೈ ಚಾಚಿ ಎರಡು ಸಲ ಒತ್ತಿ ವಾಪಸ್ ಕೊಟ್ಟರೆ ಹತ್ತು ಸೆಕೆಂಡಿನ ಕೆಲಸ. ಅಭಿಮಾನಿಯ ಕೈ ನಡುಗುತ್ತಿರುತ್ತದೆ, ಕ್ಯಾಮೆರಾ ಹಿಂದುಮುಂದಾಗಿರುತ್ತದೆ, ಸ್ಟೋರೇಜ್ ತುಂಬಿರುತ್ತದೆ. ಅಷ್ಟರಲ್ಲಿ ಹಿಂದೆ ಆರು ಜನ. ಪರದೆಯ ಮೇಲೆ ಸೆಕೆಂಡು ಓಡುತ್ತಿದ್ದರೆ ಅದು ಫೋಟೊ ಅಲ್ಲ, ವಿಡಿಯೊ. ‘ನಮ್ಮ ಅಂಗಡಿಗೆ ಒಂದು ವಿಶ್ ಮಾಡಿ’ ಅಂದರೆ ನಗುತ್ತಲೇ ತಪ್ಪಿಸಿ, ನಾಳೆ ಅದೇ ಜಾಹೀರಾತು. ಫೋಟೊ ಈಗಲೇ ಹಾಕಬೇಡಿ, ನಾವು ಹೊರಟ ಮೇಲೆ ಹಾಕಿ ಅಂತ ಕೇಳಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ.

ನಿಜಕ್ಕೂ ನೋಯಿಸುವುದು ಅರ್ಧ ಗುರುತು. ‘ನಿಮ್ಮನ್ನ ಎಲ್ಲೋ ನೋಡಿದೀನಲ್ಲ, ಯಾವುದ್ರಲ್ಲಿ ಮಾಡಿದೀರಾ?’ ಅಂದಾಗ ನಿಂತಲ್ಲೇ ತಮ್ಮ ಪಾತ್ರಗಳ ಪಟ್ಟಿ ಒಪ್ಪಿಸುವ ಸ್ಥಿತಿ. ಆಗ ಹೆಸರನ್ನು ನಾವೇ ಹೇಳಿಬಿಡಬೇಕು. ಹಾಸ್ಯನಟರಿಗೆ ‘ಏನಾದ್ರೂ ನಗಿಸಿ’, ಗಾಯಕರಿಗೆ ‘ಎರಡೇ ಸಾಲು’, ಖಳನಟರಿಗೆ ಪಾತ್ರದ ಪಾಪಕ್ಕೆ ಬೈಗುಳ. ತೆರೆಯ ಮೇಲಿನವರು ಎದುರಲ್ಲೇ ಇದ್ದಾರೆ ಎಂಬ ಈ ಒಮ್ಮುಖ ಸಲಿಗೆಯ ಬಗ್ಗೆ ಅಮೆರಿಕದ ಸಂಶೋಧಕರಾದ ಹಾರ್ಟನ್ ಮತ್ತು ವೋಲ್ 1956ರಲ್ಲೇ ಬರೆದಿದ್ದರು. ನೋಡುಗರಿಗೆ ವರ್ಷಗಳ ಪರಿಚಯ, ಕಲಾವಿದರಿಗೆ ಮೊದಲ ಭೇಟಿ. ಹೆಗಲ ಮೇಲೆ ಕೈ ಬೀಳುವುದು ಸೊಕ್ಕಿನಿಂದಲ್ಲ ಎಂದು ತಿಳಿದಿದ್ದರೆ ಕೈ ತೆಗೆಸುವಾಗ ನಮ್ಮ ದನಿ ಏರುವುದಿಲ್ಲ.

ಇನ್ನು ಆಟೋಗ್ರಾಫ್. ಚೆಕ್ಕಿಗೆ ಹಾಕುವ ಸಹಿಯನ್ನು ಅಲ್ಲಿ ಹಾಕಲೇಬಾರದು, ಬೇರೆಯದೇ ರೂಢಿಸಿಕೊಳ್ಳಬೇಕು. ಖಾಲಿ ಹಾಳೆಯ ಕೆಳಗಡೆ ಸಹಿ ಹಾಕಿದರೆ ಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಹಾಳೆಯ ಮೇಲ್ತುದಿಯಲ್ಲಿ ಕೇಳಿದವರ ಹೆಸರು, ಅದಕ್ಕೆ ಅಂಟಿಕೊಂಡಂತೆ ಸಹಿ, ಪಕ್ಕದಲ್ಲಿ ತಾರೀಕು. ಪೆನ್ನು ನಮ್ಮ ಜೇಬಿನಲ್ಲೇ ಇರಲಿ. ಕೇಳುವವರ ಬಳಿ ಅದೊಂದು ಇರುವುದಿಲ್ಲ.