ಒಂದೇ ಆಪರೇಷನ್ನು, ಒಬ್ರು 5 ಕೊಟ್ರು ಇನ್ನೊಬ್ರು 3

ಕಣ್ಣಿನ ಪಿಜಿ ಹುಡುಗರಿಗೆ ಸರ್ಜರಿ ಕಲಿಸೋ ನಮ್ಮಂಥ ಡಾಕ್ಟರ್‌ಗಳಿಗೇ ಅಂತ ಬೆಂಗಳೂರಲ್ಲಿ ಒಂದು ವರ್ಕ್‌ಶಾಪ್ ಇತ್ತು, ಹುಡುಗರು ಮಾಡಿದ ಆಪರೇಷನ್ ನೋಡಿ ಅಂಕ ಕೊಡೋದು ಹೇಗೆ ಅಂತ. ಇಷ್ಟು ವರ್ಷ ಆಪರೇಷನ್ ಮಾಡಿರೋರಿಗೆ ಇದನ್ನ ಬೇರೆ ಕಲಿಸ್ಬೇಕಾ ಅಂತ ಕೆಲವರು ಕೇಳಿದ್ರು. ಕಲಿಸ್ಬೇಕು ಅನ್ನೋದು ಮೊದಲನೇ ವಿಡಿಯೋದಲ್ಲೇ ಗೊತ್ತಾಯ್ತು.

ಎಸ್‌ಐಸಿಎಸ್ ವಿಡಿಯೋ, ಅಂದ್ರೆ ಸಣ್ಣ ಗಾಯ ಮಾಡಿ ಹೊಲಿಗೆ ಇಲ್ಲದೆ ಪೊರೆ ತೆಗೆಯೋದು. ಮಾಡ್ತಿರೋದು ಯಾರು ಅಂತ ಗೊತ್ತಿಲ್ಲ, ಕಾಣೋದು ಕಣ್ಣು ಮತ್ತೆ ಇನ್‌ಸ್ಟ್ರುಮೆಂಟ್ ತುದಿ ಮಾತ್ರ. ಕೈಯಲ್ಲಿ ಐಸಿಓ-ಆಸ್ಕರ್ ಶೀಟು, ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ಆಫ್ತಲ್ಮಾಲಜಿಯವರದ್ದು. ಒಂದೊಂದು ಸ್ಟೆಪ್‌ಗೂ 2ರಿಂದ 5ರ ತನಕ ಅಂಕ, ಯಾವ ಅಂಕಕ್ಕೆ ಕೆಲಸ ಹೇಗಿರ್ಬೇಕು ಅಂತ ಅಲ್ಲೇ ಬರೆದಿರುತ್ತೆ. ಪಕ್ಕದವರನ್ನ ಕೇಳೋ ಹಾಗಿಲ್ಲ.

ರೆಕ್ಸಿಸ್ ಬಂತು, ಲೆನ್ಸ್ ಸುತ್ತ ಇರೋ ತೆಳು ಚೀಲದ ಮುಂಭಾಗವನ್ನ ದುಂಡಗೆ ಹರಿಯೋ ಸ್ಟೆಪ್ಪು. ಅರ್ಧ ಸುತ್ತು ಚೆನ್ನಾಗೇ ಬಂದ ಫ್ಲಾಪ್, ಅಂದ್ರೆ ಹರಿದ ತುಂಡು, ಇದ್ದಕ್ಕಿದ್ದಂಗೆ ಅಂಚಿನ ಕಡೆ ಓಡೋಕೆ ಶುರುವಾಯ್ತು, ಮಾಡ್ತಿದ್ದೋರು ತಕ್ಷಣ ನಿಲ್ಲಿಸಿ, ವಿಸ್ಕೋ (ಕಣ್ಣೊಳಗೆ ಜಾಗ ತುಂಬಿ ಹಿಡಿಯೋ ಅಂಟು ಜೆಲ್) ಹಾಕಿ, ಫ್ಲಾಪನ್ನ ಬುಡದ ಹತ್ರ ಹಿಡಿದು ಮಧ್ಯಕ್ಕೆ ತಂದು ಮುಗಿಸಿದ್ರು. ಒಬ್ಬ ಸೀನಿಯರ್ ಸರ್ 5 ಕೊಟ್ಟಿದ್ರು, "ಎಷ್ಟು ಚೆನ್ನಾಗಿ ವಾಪಸ್ ತಂದ ನೋಡಿ" ಅಂತ. ಪಕ್ಕದ ಮೇಡಂ ಕೊಟ್ಟಿದ್ದು 3, "ಓಡಿದ್ದಾದ್ರೂ ಯಾಕೆ?" ನಾನು 4 ಹಾಕಿದ್ದೆ.

ನಡೆಸಿಕೊಡ್ತಿದ್ದೋರು ಯಾರದ್ದು ಸರಿ ಅಂತ ಹೇಳ್ಲಿಲ್ಲ, ಶೀಟಲ್ಲಿರೋ ಯಾವ ಮಾತು ವಿಡಿಯೋದಲ್ಲಿ ಎಲ್ಲಿ ಕಾಣಿಸ್ತು ತೋರಿಸಿ ಅಂದ್ರು. ಮತ್ತೆ ಹಾಕಿ ನಿಧಾನಕ್ಕೆ ನೋಡಿದಾಗ ಕಂಡಿದ್ದೇನು ಅಂದ್ರೆ, ಫ್ಲಾಪ್ ಓಡೋ ಸ್ವಲ್ಪ ಮುಂಚೆ ಇನ್‌ಸ್ಟ್ರುಮೆಂಟ್ ಗಾಯವನ್ನ ಒತ್ತಿ ವಿಸ್ಕೋ ಆಚೆ ಬರ್ತಿದೆ, ಚೇಂಬರ್, ಅಂದ್ರೆ ಲೆನ್ಸಿನ ಮುಂದಿರೋ ಜಾಗ, ಇಳೀತಿದೆ. ಇನ್ನೇನು ಬೇಕು? ಆ ಹುಡುಗನಿಗೋ ಹುಡುಗಿಗೋ ಹೇಳ್ಬೇಕಾದ ಮಾತು ಅಲ್ಲೇ ಸಿಕ್ತು: ಗಾಯ ಒತ್ತಬೇಡ, ಚೇಂಬರ್ ಇಳಿಯೋ ಮುಂಚೆನೇ ತುಂಬ್ಕೋ. "ರೆಕ್ಸಿಸ್ ಇಂಪ್ರೂವ್ ಮಾಡ್ಕೊಳಪ್ಪ" ಅಂದ್ರೆ ಅವನು ಮನೆಗೆ ಹೋಗಿ ಏನು ಇಂಪ್ರೂವ್ ಮಾಡ್ಕೋಬೇಕು ಹೇಳಿ.

ಇನ್ನೊಂದು ವಿಡಿಯೋದಲ್ಲಿ ಶುರುವಿನ ಟನಲ್ (ಕಣ್ಣೊಳಗೆ ಹೋಗೋಕೆ ಸುರಂಗದ ಥರ ಮಾಡೋ ಗಾಯ) ಅಷ್ಟು ನೀಟಾಗಿತ್ತು ಅಂದ್ರೆ ಆ ಖುಷಿಗೆ ಮುಂದಿನ ಸ್ಟೆಪ್‌ಗಳಿಗೂ ಎಲ್ಲರೂ ಧಾರಾಳವಾಗಿ ಅಂಕ ಹಾಕಿದ್ರು, ಇನ್‌ಸ್ಟ್ರುಮೆಂಟ್ ಐರಿಸ್‌ಗೆ (ಪಾಪೆ ಸುತ್ತಲಿನ ಬಣ್ಣದ ಭಾಗಕ್ಕೆ) ಎರಡು ಸಲ ತಾಗಿದ್ದು ಕೆಲವರಿಗೆ ಮಾತ್ರ ಕಂಡಿತ್ತು.

ಥಿಯೇಟರ್‌ನಲ್ಲಿ ಬೈಯೋದರ ಬಗ್ಗೆನೂ ಮಾತು ಬಂತು, ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ. ನಮ್ಮ ಪೇಷಂಟ್‌ಗೆ ಕಣ್ಣಿನ ಸುತ್ತ ಮಾತ್ರ ಇಂಜೆಕ್ಷನ್, ಎಚ್ಚರವಾಗೇ ಇರ್ತಾರೆ. "ಏ, ಏನ್ ಮಾಡ್ತಿದೀಯ" ಅಂತ ಕೂಗಿದ್ರೆ ಬಟ್ಟೆ ಕೆಳಗೆ ಮಲಗಿರೋ ಅಜ್ಜಿಗೆ ಪೂರ್ತಿ ಕೇಳಿಸುತ್ತೆ, ಅವರ ಎದೆ ಹೇಗೆ ಹೊಡ್ಕೊಳ್ಬೇಡ!

ಈಗ ನಮ್ಮಲ್ಲಿ ಪಿಜಿ ಮಾಡಿದ ಕೇಸನ್ನ ರೆಕಾರ್ಡ್ ಮಾಡಿ ಇಬ್ಬರು ಬೇರೆ ಬೇರೆ ನೋಡಿ ಅಂಕ ಹಾಕ್ತೀವಿ, ಅಂಕ ಹೊಂದದಿದ್ರೆ ಆ ಸ್ಟೆಪ್ ಮತ್ತೆ ಹಾಕಿ ನೋಡ್ತೀವಿ. ಅದೇ ದಿನ ಪಿಜಿನ ಪಕ್ಕದಲ್ಲಿ ಕೂರಿಸ್ಕೊಂಡು ಮೊದಲು ಅವರ ಕೈಲೇ ಅಂಕ ಹಾಕಿಸ್ತೀವಿ, ಆಮೇಲೆ ನಮ್ಮದು ತೋರಿಸ್ತೀವಿ.