ಖುರಿಯಲ್ಲಿ ಏನೂ ಮಾಡದೆ

ರಾಜಸ್ಥಾನದ ಜೈಸಲ್ಮೇರ್‌ಗೆ ಬಂದವರು ಮರಳು ನೋಡೋಕೆ ಹೆಚ್ಚಾಗಿ ಸಮ್ ಎಂಬ ಊರಿನ ಕಡೆ ಹೋಗುತ್ತಾರೆ. ಅಲ್ಲಿ ಡೇರೆಗಳ ಸಾಲು, ಜೀಪುಗಳ ಓಡಾಟ, ರಾತ್ರಿ ಜೋರು ಹಾಡು. ನನಗೆ ಗಲಾಟೆ ಇಲ್ಲದ ಜಾಗ ಬೇಕಿತ್ತು. ಅದಕ್ಕೇ ಜನವರಿ ಕೊನೆಯಲ್ಲಿ ಖುರಿ ಹಳ್ಳಿಯ ಬಸ್ ಹತ್ತಿದೆ. ಜೈಸಲ್ಮೇರ್‌ನಿಂದ ನೈಋತ್ಯಕ್ಕೆ ಸುಮಾರು 45 ಕಿ.ಮೀ. ಒಬ್ಬಳೇ ಯಾಕೆ ಹೊರಟೆ ಅಂತ ಬಸ್ಸಿನಲ್ಲಿ ವಿಚಾರಣೆ ನಡೆಯಿತು. ಅದು ಮುಗಿದ ಮೇಲೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಲಾಡ್ಜ್ ಅಂದರೆ ಒಂದು ಅಂಗಳ, ಸುತ್ತ ಕೆಲವು ದುಂಡನೆಯ ಮಣ್ಣಿನ ಗುಡಿಸಲು, ಅಷ್ಟೇ. ಮೇಲೆ ಹುಲ್ಲು, ಗೋಡೆಗೂ ನೆಲಕ್ಕೂ ಸಗಣಿ ಸಾರಣೆ. ಒಳಗೆ ಮಂಚ, ದಪ್ಪ ರಜಾಯಿ, ಒಂದು ಬಲ್ಬು. ನಡೆಸುವುದು ಅದೇ ಊರಿನ ಒಂದು ಕುಟುಂಬ. ಯಜಮಾನರನ್ನು ಎಲ್ಲರೂ ಕಾಕೋಸಾ, ಅಂದರೆ ಚಿಕ್ಕಪ್ಪ, ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಬೈಸಾ, ನಮ್ಮ ಅಕ್ಕ-ತಂಗಿ ಅನ್ನುವ ಹಾಗೆ.

"ಬೈಸಾ, ಒಂಟೆ ಸವಾರಿ ಬೇಕಾ?"

"ಬೇಡ ಕಾಕೋಸಾ."

"ಜೀಪು?"

"ಅದೂ ಬೇಡ."

"ಮತ್ತೇನು ಮಾಡ್ತೀರಿ?"

"ಸುಮ್ನೆ ಕೂತಿರ್ತೀನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೊರಸು ಎಳೆದು ಖೇಜ್ಡಿ ಮರದ ನೆರಳಿಗೆ ಹಾಕಿಕೊಟ್ಟರು.

ಈ ಖೇಜ್ಡಿ ಬೇರೇನಲ್ಲ, ನಮ್ಮ ಬನ್ನಿ ಮರ. ದಸರೆಗೆ ಎಲೆ ಹಂಚಿ ಬಂಗಾರದಂಗ ಇರೋಣ ಅಂತೀವಲ್ಲ, ಅದೇ. ನಾವು ವರ್ಷಕ್ಕೊಮ್ಮೆ ನೆನೆಯುತ್ತೇವೆ, ಇವರಿಗೆ ದಿನವೂ ಬೇಕು. ಎಲೆ ಆಡಿಗೆ, ಒಂಟೆಗೆ. ಕಾಯಿಯನ್ನು ಒಣಗಿಸಿಟ್ಟು ವರ್ಷವಿಡೀ ಪಲ್ಯ. ಜೋಧಪುರದ ಹತ್ತಿರ ಖೇಜಡ್ಲಿ ಎಂಬ ಊರಲ್ಲಿ 1730ರಲ್ಲಿ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ ಬಿಷ್ಣೋಯಿ ಪಂಥದ 363 ಜನ ಅಡ್ಡ ನಿಂತು ಪ್ರಾಣ ಬಿಟ್ಟರು. ಊಟಕ್ಕೆ ಬಡಿಸಿದ ಕೇರ್ ಸಾಂಗ್ರಿ ತಿಂದಾಗ ಮರದ ಬೆಲೆ ಇನ್ನಷ್ಟು ತಿಳಿಯಿತು! ಕೇರ್ ಅಂದರೆ ಹುಳಿ ಹುಳಿ ಸಣ್ಣ ಕಾಯಿ, ಸಾಂಗ್ರಿ ಅಂದರೆ ಬನ್ನಿಕಾಯಿ. ಜೊತೆಗೆ ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ. ರೊಟ್ಟಿ ಮಾತ್ರ ನಮ್ಮ ವಿಜಯಪುರದ್ದೇ ಚೆಂದ, ತೆಳ್ಳಗೆ, ಎಳ್ಳು ಹಚ್ಚಿದ್ದು. ಇವರದು ಬಲು ದಪ್ಪ. ಆದರೆ ಪಲ್ಯದ ಮುಂದೆ ನನ್ನ ವಾದ ನಿಲ್ಲಲಿಲ್ಲ.

ಸ್ನಾನಕ್ಕೆ ಒಲೆಯ ಮೇಲೆ ಕಾಯಿಸಿದ ಒಂದು ಬಕೆಟ್ ನೀರು. ಇನ್ನೊಂದು ಕೇಳಲು ಮನಸ್ಸು ಬರಲಿಲ್ಲ. ಜೈಸಲ್ಮೇರ್ ಕಡೆ ವರ್ಷದ ಮಳೆ 200 ಮಿ.ಮೀ. ಕೂಡ ಇಲ್ಲ. ಬಿದ್ದಷ್ಟನ್ನು ಟಾಂಕಾ ಎಂಬ ನೆಲದಡಿಯ ತೊಟ್ಟಿಗಳಲ್ಲಿ ಹಿಡಿದಿಟ್ಟು ಮುಚ್ಚಳ ಹಾಕುತ್ತಾರೆ. ಕಾಕೋಸಾ ಅವರ ಸೊಸೆ ಪಾತ್ರೆಗಳನ್ನು ಮೊದಲು ಮರಳಿನಲ್ಲೇ ತಿಕ್ಕುತ್ತಿದ್ದಳು, ಕೊನೆಗೊಂದು ಚೂರು ನೀರು. ನಾನೂ ಪಕ್ಕದಲ್ಲಿ ಕೂತು ತಿಕ್ಕಿದೆ. ಅವಳಿಗೆ ಹಿಂದಿ ಕಡಿಮೆ, ನನಗೆ ಮಾರ್ವಾಡಿ ಇಲ್ಲ. ನಗುವುದಕ್ಕೇನೂ ಕೊರತೆ ಆಗಲಿಲ್ಲ.

ಬೆಳಗ್ಗೆ ಏಳಾದರೂ ಸೂರ್ಯ ಏಳಲ್ಲ. ದೇಶದ ಪಶ್ಚಿಮದ ತುದಿ, ಅಲ್ವಾ? ಅಷ್ಟರಲ್ಲಿ ಚಹಾ ಕುಡಿದು ದಿಬ್ಬದ ಕಡೆ ನಡೆದರೆ ಮರಳು ಕಾಲಿಗೆ ಕೊರೆಯುತ್ತದೆ. ಹಗಲಲ್ಲಿ ಕಾಯುವುದು ಮೇಲಿನ ಪದರ ಮಾತ್ರ. ಒಣ ಗಾಳಿ, ಮೋಡವಿಲ್ಲದ ಆಕಾಶ, ಆ ಶಾಖವೆಲ್ಲ ರಾತ್ರಿಯೇ ಹಾರಿ ಹೋಗಿರುತ್ತದೆ. ಸಗಣಿ ಹುಳ ನಡೆದ ಗುರುತು ರಂಗೋಲಿಯ ಎಳೆಯಂತೆ ಉದ್ದಕ್ಕೂ ಹೋಗಿತ್ತು. ಹಿಂಬಾಲಿಸಿದೆ. ಒಂದು ಪೊದೆಯ ಬುಡದಲ್ಲಿ ತಪ್ಪಿಹೋಯಿತು. ಮಧ್ಯಾಹ್ನ ನಿದ್ದೆ. ತಂದ ಪುಸ್ತಕವನ್ನು ತೆರೆಯಲೇ ಇಲ್ಲ.

ರಾತ್ರಿ ಪೂರ್ತಿ ಕತ್ತಲು ಅಂದುಕೊಂಡು ಬಂದಿದ್ದೆ. ನಕ್ಷತ್ರಗಳು ಬೇಕಾದಷ್ಟಿದ್ದವು, ಆದರೆ ದೂರದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳೂ ಮಿನುಗುತ್ತಿದ್ದವು. ಚಂದ ಅನ್ನಿಸಿತು, ಸ್ವಲ್ಪ ಕಸಿವಿಸಿಯೂ ಆಯಿತು. ಇಲ್ಲಿನ ಗೋಡಾವಣ್ ಹಕ್ಕಿ, ನಮ್ಮ ಸಿರುಗುಪ್ಪ ಕಡೆಯ ಎರೆಭೂತ, ಈಗ ನೂರೈವತ್ತಕ್ಕಿಂತ ಕಡಿಮೆ ಉಳಿದಿದೆ ಅನ್ನುತ್ತಾರೆ. ಭಾರದ ಹಕ್ಕಿ, ಗಾಳಿಯಂತ್ರಗಳಿಂದ ಹೊರಡುವ ವಿದ್ಯುತ್ ತಂತಿ ಎದುರಿದ್ದರೂ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಡಿಕ್ಕಿ ಹೊಡೆದು ಸಾಯುತ್ತದೆ. ತಂತಿಗಳನ್ನು ನೆಲದಡಿ ಹಾಕಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ನನಗೆ ಹಕ್ಕಿ ಕಾಣಲಿಲ್ಲ. ಕಾಕೋಸಾ ಚಿಕ್ಕವರಿದ್ದಾಗ ಹೊಲದಲ್ಲೇ ನೋಡುತ್ತಿದ್ದರಂತೆ.

ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಆಮೇಲೆ ಬಿಸಿಲು ತಡೆಯಲಾಗದು. ಉಣ್ಣೆ ಟೋಪಿ ಮರೆಯಬೇಡಿ. ಬಸ್ಸುಗಳು ಕಡಿಮೆ, ವಾಪಸಿನ ಹೊತ್ತನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.